ಶಾಲೆ ದಾರಿಯ ಸ್ಕೂಟರ್

ಬೆಳಗಿನ ಗಡಿಬಿಡಿಯಲ್ಲಿ ಮಗುವನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಹೋಗುವುದು ಬೆಂಗಳೂರಿನ ಯಾವ ಬಡಾವಣೆಯಲ್ಲೂ ಕಾಣುತ್ತದೆ. ದಯವಿಟ್ಟು ಬೇಡ. ಜೋರಾಗಿ ಬ್ರೇಕ್ ಹಾಕಿದರೆ ಗಲ್ಲ, ಹಲ್ಲು ನೇರ ಹ್ಯಾಂಡಲಿಗೆ ಬಡಿಯುತ್ತವೆ. ಪುಟ್ಟ ಕೈ ಆಕ್ಸಿಲರೇಟರ್ ತಿರುವಿತೋ, ಸಾವರಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ.

9 ತಿಂಗಳಿಂದ 4 ವರ್ಷದ ಮಕ್ಕಳಿಗೆ ಸೇಫ್ಟಿ ಹಾರ್ನೆಸ್ (ಮಗುವನ್ನು ಓಡಿಸುವವರಿಗೆ ಬಿಗಿದಿಡುವ, ಪಟ್ಟಿಗಳಿರುವ ವೆಸ್ಟ್), ಹೆಲ್ಮೆಟ್ ಕಡ್ಡಾಯ, ವೇಗ ಗಂಟೆಗೆ 40 ಕಿ.ಮೀ. ಮೀರಬಾರದು ಅಂತ ಕೇಂದ್ರದ ನಿಯಮ 2022ರಲ್ಲೇ ಬಂತು. ರಸ್ತೆಯಲ್ಲಿ ಹಾರ್ನೆಸ್ ಮಾತ್ರ ಅಪರೂಪ. ಮಗುವಿಗೆ ವೆಸ್ಟ್ ತೊಡಿಸಿ, ಅದರ ಪಟ್ಟಿಗಳನ್ನು ಓಡಿಸುವವರು ಹೆಗಲಿಗೆ ಹಾಕಿಕೊಂಡರಾಯಿತು. ಪಟ್ಟಿ ಸಡಿಲವಿದ್ದರೆ ತೂಕಡಿಸುವ ಮಗು ಪಕ್ಕಕ್ಕೆ ವಾಲುತ್ತದೆ, ಹೊರಡುವ ಮುನ್ನ ಎಳೆದು ನೋಡಿ. 4 ದಾಟಿದವರಿಗೂ ಹೆಲ್ಮೆಟ್ ಬೇಕೇ ಬೇಕು. ದೊಡ್ಡವರದ್ದು ಹಾಕಿದರೆ ಪ್ರಯೋಜನವಿಲ್ಲ; ತಲೆ ಅಲ್ಲಾಡಿಸಿದಾಗ ಅದು ತಿರುಗಬಾರದು, ಗಲ್ಲದ ಪಟ್ಟಿಯೊಳಗೆ ಎರಡು ಬೆರಳಷ್ಟೇ ಜಾಗವಿರಬೇಕು.

ಭಾರದ ಬ್ಯಾಗನ್ನು ಹ್ಯಾಂಡಲಿಗೆ ನೇತುಹಾಕಬೇಡಿ, ತಿರುವಿನಲ್ಲಿ ಮೊಣಕಾಲಿಗೆ ಸಿಕ್ಕಿಕೊಳ್ಳುತ್ತದೆ.

ತಡವಾದರೆ ಡೈರಿಯಲ್ಲೊಂದು ಷರಾ ಬರಬಹುದು, ಅದಕ್ಕೆ ಇಷ್ಟೊಂದು ಹೆದರುತ್ತೇವಲ್ಲ! ಗೇಟಿನೆದುರು ನುಗ್ಗುವ ಬದಲು ನೂರು ಮೀಟರ್ ಹಿಂದೆಯೇ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಫುಟ್‌ಪಾತ್ ಇರುವ ಎಡಗಡೆಗೇ ಮಗುವನ್ನು ಇಳಿಸಿ.