‘ಪಾಸ್ ಆಗೇತಲ್ರೀ, ಮತ್ತ್ಯಾಕ ಹೊಸಾದು?’

ಹುಬ್ಬಳ್ಳಿಯಲ್ಲಿದ್ದುಕೊಂಡು ಸುತ್ತಮುತ್ತಲಿನ ಲಿನಕ್ಸ್ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಗದಗಿನ ಪ್ರಿಂಟಿಂಗ್ ಪ್ರೆಸ್ಸು, ಬ್ಯಾಡಗಿಯ ಮೆಣಸಿನಕಾಯಿ ಅಂಗಡಿ, ಧಾರವಾಡದ ಕೋಚಿಂಗ್ ಕ್ಲಾಸು, ಹೀಗೆ. ಗಿರಾಕಿಗಳ ಜೊತೆ ನಾನು ಜಾಸ್ತಿ ವಾದ ಮಾಡಿರುವುದು ಒಂದೇ ಒಂದು ಸಾಲಿಗಾಗಿ. ಹಾರ್ಡ್ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕಕ್ಕೆ ಸ್ಮಾರ್ಟ್ ಅಂತಾರೆ, ಅದನ್ನು ಓದುವ ಕಮಾಂಡ್ ಸ್ಮಾರ್ಟ್‌ಸಿಟಿಎಲ್. ಅದಕ್ಕೆ ಮೈನಸ್ ಎಚ್ ಕೊಟ್ಟರೆ ಬರುತ್ತದಲ್ಲ, ‘ಪಾಸ್ಡ್’, ಅದು.

ಗದಗಿನ ಒಂದು ಪ್ರೆಸ್‌ನಲ್ಲಿ ಫೈಲ್ ಸರ್ವರ್ ಆಗಾಗ ನಿಂತುಬಿಡುತ್ತಿತ್ತು. ದೊಡ್ಡ ಪಿಡಿಎಫ್ ತೆರೆದರೆ ಸಾಕು, ಡಿಸ್ಕ್ ಲೈಟ್ ಹತ್ತಿಕೊಂಡೇ ಇರುತ್ತಿತ್ತು. ಡಿಮೆಸೆಜ್ (ಲಿನಕ್ಸ್ ಬರೆದಿಡುವ ಸಂದೇಶಗಳು) ನೋಡಿದರೆ ಒಂದೇ ಕಡೆಯ ಸೆಕ್ಟರ್‌ಗಳ, ಅಂದರೆ ಡಿಸ್ಕ್‌ನ ಪುಟ್ಟ ತುಣುಕುಗಳ, ಮೇಲೆ ಐಒ (ಓದು-ಬರಹ) ಎರರ್ ಸಾಲುಸಾಲು. ಡಿಸ್ಕ್ ಬದಲಿಸಬೇಕು ಅಂದೆ. ಮಾಲೀಕರು ಮೊದಲೇ ತಾವೇ ಚೆಕ್ ಮಾಡಿ ಇಟ್ಟಿದ್ದರು. “ಪಾಸ್ ಆಗೇತಲ್ರೀ, ಮತ್ತ್ಯಾಕ ಹೊಸಾದು?” ಅಂದರು. ಅವರ ಪ್ರಶ್ನೆ ನ್ಯಾಯವಾದದ್ದೇ.

ಆದರೆ ಆ ‘ಪಾಸ್’ ಕೊಟ್ಟವರು ಯಾರು? ಡಿಸ್ಕೇ. ತನ್ನ ಪೇಪರ್ ತಾನೇ ತಿದ್ದಿಕೊಂಡ ಹುಡುಗನ ಹಾಗೆ. ಸ್ಮಾರ್ಟ್ ಲೆಕ್ಕ ಇಡುವ ಪ್ರತಿ ಅಂಶಕ್ಕೂ ಒಂದು ನಂಬರ್ ಇದೆ, ಡಿಸ್ಕ್ ಅದಕ್ಕೊಂದು ಅಂಕ ಕೊಟ್ಟುಕೊಳ್ಳುತ್ತದೆ. ಕಂಪನಿಯವರು ಒಂದು ಮಿತಿ ಇಟ್ಟಿರುತ್ತಾರೆ, ಅಂಕ ಆ ಮಿತಿಗೆ ಇಳಿಯುವವರೆಗೂ ಡಿಸ್ಕ್ ಪಾಸೇ. ತಮಾಷೆ ಅಂದರೆ 197ನೇ ಅಂಶ, ಅಂದರೆ ಓದೋಕೆ ಆಗದೆ ಬಾಕಿ ಬಿದ್ದಿರುವ ಸೆಕ್ಟರ್‌ಗಳ ಲೆಕ್ಕ, ಅದಕ್ಕೆ ಬಹಳಷ್ಟು ಡ್ರೈವ್‌ಗಳಲ್ಲಿ ಮಿತಿ 0 ಇರುತ್ತದೆ. ಅಂಕ ಸೊನ್ನೆಗೆ ಇಳಿಯುವುದೇ ಇಲ್ಲ, ಅಂದಮೇಲೆ ಅದು ಫೇಲ್ ಆಗುವುದು ಎಲ್ಲಿಂದ? ಅದಕ್ಕೇ ನಾನು ಮೈನಸ್ ಎ ಕೊಟ್ಟು ಪೂರ್ತಿ ಪಟ್ಟಿ ತರಿಸಿ, ಕೊನೆಯ ಕಾಲಂನ ಕಚ್ಚಾ ಅಂಕಿಯನ್ನೇ ನೋಡುತ್ತೇನೆ: 5 (ಬದಲಿ ಕೊಟ್ಟ ಸೆಕ್ಟರ್‌ಗಳು), 197, 198 (ಡಿಸ್ಕ್ ತಾನೇ ಪರೀಕ್ಷಿಸಿದಾಗ ಸರಿಪಡಿಸಲಾಗದ ಸೆಕ್ಟರ್‌ಗಳು). ಇವು ಸೊನ್ನೆ ಇಲ್ಲದಿದ್ದರೆ, ಅದರಲ್ಲೂ ಈ ವಾರಕ್ಕಿಂತ ಮುಂದಿನ ವಾರ ಏರಿದರೆ, ಪಾಸು ಗೀಸು ಏನೂ ಕೇಳಬೇಡಿ.

ಕೆಲವರು ಫಾರ್ಮ್ಯಾಟ್ ಮಾಡಿದ ಮೇಲೆ 197 ಸೊನ್ನೆಗೆ ಬಂತು, ರಿಪೇರಿ ಆಯಿತು ಅಂತ ಖುಷಿಪಡುತ್ತಾರೆ. ಆ ಜಾಗಕ್ಕೆ ಹೊಸದಾಗಿ ಬರೆದಾಗ ಡಿಸ್ಕ್ ಒಂದೋ ಅದು ಸರಿಯಿದೆ ಅಂತ ಒಪ್ಪಿಕೊಳ್ಳುತ್ತದೆ, ಇಲ್ಲವೇ ಬದಲಿ ಸೆಕ್ಟರ್ ಕೊಡುತ್ತದೆ. ಆಮೇಲೆ 5ನೇದು ಏರಿದೆಯಾ ನೋಡಿ, ಗೊತ್ತಾಗುತ್ತದೆ. ಹಾಗೆಯೇ ಸೀಗೇಟ್ ಡಿಸ್ಕ್‌ನ 1 (ಓದುವಾಗಿನ ಎರರ್) ಮತ್ತು 7ನೇ (ಹೆಡ್ ಸರಿಸುವಾಗಿನ ಎರರ್) ಅಂಶದಲ್ಲಿ ಕೋಟಿಗಟ್ಟಲೆ ಅಂಕಿ ಕಂಡು ಗಾಬರಿಯಾಗಬೇಡಿ. ಆ ಅಂಕಿಯೊಳಗೆ ಎರರ್‌ಗಳ ಲೆಕ್ಕದ ಜೊತೆ ಒಟ್ಟು ಎಷ್ಟು ಸಲ ಕೆಲಸ ಮಾಡಿದೆ ಅನ್ನುವ ಲೆಕ್ಕವೂ ಸೇರಿರುತ್ತದೆ.

199 ಬೇರೆಯೇ ಕಥೆ. ಬ್ಯಾಡಗಿಯ ಅಂಗಡಿಯೊಂದರಲ್ಲಿ ಬೇರೆ ಯಾರೋ ಹೊಸ ಡಿಸ್ಕ್ ಹಾಕಿ ಹೋಗಿದ್ದರು, ಎರರ್ ಮಾತ್ರ ಹಾಗೇ ಇತ್ತು. ಹೊಸ ಡಿಸ್ಕ್‌ನಲ್ಲಿ 5, 197 ಎರಡೂ ಸೊನ್ನೆ, 199 ಮಾತ್ರ ನೋಡನೋಡುತ್ತಲೇ ಏರುತ್ತಿತ್ತು. ಇದು ಡಿಸ್ಕ್‌ಗೂ ಬೋರ್ಡ್‌ಗೂ ನಡುವೆ ದಾರಿಯಲ್ಲಿ ಡೇಟಾ ಕೆಟ್ಟಿದ್ದರ ಲೆಕ್ಕ, ಹೆಚ್ಚಿನ ಸಲ ಸಾಟಾ ಕೇಬಲ್ಲೇ ಕಾರಣ. ಕ್ಯಾಬಿನೆಟ್ ತೆಗೆದರೆ ಒಳಗೆಲ್ಲ ಮೆಣಸಿನಕಾಯಿ ಧೂಳು. (ಸೀಸನ್‌ನಲ್ಲಿ ಅಲ್ಲಿ ಬಾಯಿಗೆ ಬಟ್ಟೆ ಕಟ್ಟದೆ ಬ್ಲೋವರ್ ಹಿಡಿಯಬೇಡಿ, ಸೀನಿ ಸೀನಿ ಸಾಕಾಗುತ್ತದೆ.) ಕೇಬಲ್ ಬದಲಿಸಿದೆ, ಅಂಕಿ ನಿಂತಿತು. ನಿಂತಿತು ಅಷ್ಟೇ, ಇಳಿಯಲಿಲ್ಲ, ಅದು ಇಳಿಯುವ ಅಂಕಿಯೇ ಅಲ್ಲ.

ಹಾರ್ಡ್‌ವೇರ್ ವರದಿಯದ್ದೂ ಇದೇ ಪಾಡು. ಹಾರ್ಡ್‌ವೇರ್ ಪಟ್ಟಿ ಮಾಡುವ ಎಲ್‌ಎಸ್‌ಎಚ್‌ಡಬ್ಲ್ಯೂ ಕಮಾಂಡನ್ನು ಸುಡೋ (ಅಡ್ಮಿನ್ ಅಧಿಕಾರ) ಇಲ್ಲದೆ ಓಡಿಸಿ, ಅರ್ಧಂಬರ್ಧ ಪಟ್ಟಿ ಹಿಡಿದು ರ್‍ಯಾಮ್ ಕಾಣ್ತಿಲ್ಲ ಅಂತ ಫೋನ್ ಮಾಡುವವರಿದ್ದಾರೆ. ಡಿಎಂಐಡಿಕೋಡ್ ಅನ್ನುವ ಇನ್ನೊಂದು ಕಮಾಂಡ್ ಹೇಳುವುದು ಬಯೋಸ್ (ಬೋರ್ಡ್‌ನಲ್ಲೇ ಇರುವ, ಮಷಿನ್ ಶುರು ಮಾಡುವ ಸಾಫ್ಟ್‌ವೇರ್) ಬರೆದಿಟ್ಟ ಮಾತನ್ನು. ನಮ್ಮ ಕಡೆ ಅಸೆಂಬಲ್ ಮಾಡಿದ ಮಷಿನ್‌ಗಳೇ ಜಾಸ್ತಿ ಅಲ್ವಾ, ಸೀರಿಯಲ್ ನಂಬರ್ ಇರಬೇಕಾದ ಕಡೆ ‘ಟು ಬಿ ಫಿಲ್ಡ್ ಬೈ ಓಇಎಂ’, ಅಂದರೆ ತಯಾರಕರು ತುಂಬಬೇಕು ಅಂತ ಇರುತ್ತದೆ, ಯಾರೂ ತುಂಬಿಲ್ಲ. ಯುಎಸ್‌ಬಿ ಡಬ್ಬಿಯೊಳಗಿನ ಡಿಸ್ಕ್ ಆದರೆ ನಡುವೆ ಇರುವ ಬ್ರಿಜ್ ಚಿಪ್ ಸ್ಮಾರ್ಟ್ ವರದಿಯನ್ನು ತಡೆಯಬಹುದು. ಸ್ಮಾರ್ಟ್‌ಸಿಟಿಎಲ್‌ಗೆ ಮೈನಸ್ ಡಿ ಸ್ಯಾಟ್ ಕೊಟ್ಟರೆ ಎಷ್ಟೋ ಸಲ ದಾರಿ ಬಿಡುತ್ತದೆ. ರೇಡ್ ಕಾರ್ಡ್ (ಹಲವು ಡಿಸ್ಕ್‌ಗಳನ್ನು ಒಂದಾಗಿ ತೋರಿಸುವ ಕಾರ್ಡ್) ಹಿಂದಿನ ಡಿಸ್ಕ್‌ಗಳನ್ನು ಒಂದೊಂದಾಗಿಯೇ ಕೇಳಬೇಕು. ಇನ್ನು ಡಿಸ್ಕ್‌ಗಳಿಗೆ ಲಿನಕ್ಸ್ ಕೊಡುವ ಎಸ್‌ಡಿಎ, ಎಸ್‌ಡಿಬಿ ಹೆಸರುಗಳು ಮಷಿನ್ ಬೂಟ್ ಆದಾಗ ಅದಲುಬದಲಾಗಬಹುದು, ಡಿಸ್ಕ್ ಬಿಚ್ಚುವ ಮೊದಲು ಎಲ್‌ಎಸ್‌ಬಿಎಲ್‌ಕೆ ಕಮಾಂಡ್ ತೋರಿಸುವ ಸೀರಿಯಲ್ ನಂಬರನ್ನೂ ಡಿಸ್ಕ್ ಮೇಲಿನ ಸ್ಟಿಕ್ಕರನ್ನೂ ತಾಳೆ ನೋಡಲೇಬೇಕು.

ಹಾಗಂತ ಎಲ್ಲ ಅಂಕಿ ಸೊನ್ನೆ ಇದ್ದರೆ ನಿಶ್ಚಿಂತೆ ಅಂತಲೂ ಅಲ್ಲ. ಗೂಗಲ್‌ನವರು 2007ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಅಧ್ಯಯನ ಪ್ರಕಟಿಸಿದರು. ಕೆಟ್ಟ ಡಿಸ್ಕ್‌ಗಳಲ್ಲಿ ಶೇ. 56ಕ್ಕೂ ಹೆಚ್ಚು, ಸ್ಮಾರ್ಟ್‌ನ ನಾಲ್ಕು ಗಟ್ಟಿ ಸೂಚನೆಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ. ಬ್ಯಾಕಪ್ ಬೇಡ ಅನ್ನುವ ಗಿರಾಕಿಗೆ ನಾನು ಹೇಳುವುದು ಇದನ್ನೇ.

ಗದಗಿನ ಪ್ರೆಸ್‌ನ ಡಿಸ್ಕ್‌ಗೆ ನಾನು ಮೊದಲೇ ಲಾಂಗ್ ಟೆಸ್ಟ್ (ಡಿಸ್ಕ್ ತನ್ನನ್ನು ಪೂರ್ತಿ ಓದಿ ನೋಡಿಕೊಳ್ಳುವ ಪರೀಕ್ಷೆ) ಹಾಕಲಿಲ್ಲ. ಸಾಯುತ್ತಿರುವ ಡಿಸ್ಕ್‌ನಿಂದ ಸುಮ್ನೆ ಗಂಟೆಗಟ್ಟಲೆ ಓದಿಸುವ ಬದಲು ಮೊದಲು ಡೇಟಾ ತೆಗೆಯಬೇಕು. ಕೆಟ್ಟ ಡಿಸ್ಕ್‌ನಿಂದ ಕಾಪಿ ಮಾಡುವ ಡಿಡಿರೆಸ್ಕ್ಯೂ ಒಳ್ಳೆಯ ಭಾಗಗಳನ್ನು ಮೊದಲು ಎತ್ತಿಕೊಂಡು ಹಟಮಾರಿ ಸೆಕ್ಟರ್‌ಗಳನ್ನು ಕೊನೆಗೆ ಬಿಡುತ್ತದೆ. ಎಲ್ಲಿಯವರೆಗೆ ಆಯಿತು ಅಂತ ಬರೆದಿಡುವ ಮ್ಯಾಪ್ ಫೈಲ್ ಕೊಟ್ಟಿದ್ದರೆ ನಡುವೆ ಕರೆಂಟ್ ಹೋದರೂ ನಿಂತ ಕಡೆಯಿಂದಲೇ ಮುಂದುವರಿಯುತ್ತದೆ. ಕಾಪಿ ಮುಗಿದ ಮೇಲೆ ಟೆಸ್ಟ್ ಹಾಕಿದೆ, ಶುರುವಿನಲ್ಲೇ ರೀಡ್ ಫೇಲ್ಯೂರ್ ಅಂತ ನಿಂತಿತು. ಮಾಲೀಕರಿಗೆ ತೋರಿಸಿದೆ. ಮೇಲಿನ ಸಾಲು ಆಗಲೂ ‘ಪಾಸ್ಡ್’ ಅನ್ನುತ್ತಲೇ ಇತ್ತು.

ಈಗ ಎಲ್ಲ ಕಡೆ, ಸ್ಮಾರ್ಟ್ ಅಂಕಿಗಳ ಮೇಲೆ ಸದಾ ಕಣ್ಣಿಡುವ ಸ್ಮಾರ್ಟ್‌ಡಿ ಹಾಕಿ, ಅಂಕಿ ಏರಿದರೆ ನನಗೆ ಮೇಲ್ ಬರುವ ಹಾಗೆ ಮಾಡಿದ್ದೇನೆ. ಇಂಟರ್ನೆಟ್‌ನಲ್ಲಿ ಸಿಗುವ ಮಾದರಿಗಳಲ್ಲಿ ಟೆಸ್ಟ್ ಸಮಯ ರಾತ್ರಿ ಎರಡು, ಮೂರು ಗಂಟೆ ಇರುತ್ತದೆ. ನಮ್ಮ ಅಂಗಡಿಗಳಲ್ಲಿ ರಾತ್ರಿ ಮೇನ್ ಸ್ವಿಚ್ಚೇ ಆಫ್, ಟೆಸ್ಟ್ ನಡೆಯುವುದು ಹೇಗೆ? ಶಾರ್ಟ್ ಟೆಸ್ಟನ್ನು ಮಧ್ಯಾಹ್ನ ಊಟದ ಹೊತ್ತಿಗೆ ಇಡಿ. ಲಾಂಗ್ ಟೆಸ್ಟಿಗೆ ವಹಿವಾಟು ಕಡಿಮೆ ಇರುವ ದಿನ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಸರಿ, ಮತ್ತೆ ಅವತ್ತು ಕಂಪ್ಯೂಟರ್ ಸ್ಲೋ ಆಯ್ತು ಅಂತ ಫೋನ್ ಬಂದೇ ಬರುತ್ತದೆ, ಮೊದಲೇ ಹೇಳಿಟ್ಟಿರಿ.