ಬೇಲಿಯ ಈಚೆಯ ಸುಳ್ಳು

2024 ನವೆಂಬರ್ 17, ಭಾನುವಾರ
ಮಂಜೇಶ್ವರ

ಬುಧವಾರದೊಳಗೆ ಅಸೈನ್‌ಮೆಂಟ್ ಕಳಿಸಬೇಕು. ಬೆಳಗ್ಗಿನಿಂದ ಮೂರು ಸಲ ಚಾ ಆಯಿತು, ಅಂಗಳದ ಅಡಿಕೆ ಮಗುಚಿದ್ದಾಯಿತು, ಒಂದು ಪುಟ ಮಾತ್ರ ಆಗಲಿಲ್ಲ. ಈ ವಯಸ್ಸಿನಲ್ಲಿ ಅಂಚೆಯಲ್ಲಿ ಎಂಎ ಎಂತಕ್ಕೆ ಅಂತ ಅಕ್ಕ ಕೇಳಿದಾಗ ನಕ್ಕಿದ್ದೆ. ಈಗ ನಗು ಬರುವುದಿಲ್ಲ.

ಈ ಸಲದ್ದು ನೀತಿಶಾಸ್ತ್ರದ ಮುಂದಿನ ಭಾಗ. ಫಿಲಿಪ್ಪಾ ಫುಟ್ ಅನ್ನುವ ತತ್ವಶಾಸ್ತ್ರಜ್ಞೆ 1967ರಲ್ಲಿ ಕೊಟ್ಟ ಟ್ರಾಮಿನ ಉದಾಹರಣೆ ಬೇಗ ಮುಗಿಯಿತು. ಹಿಡಿತ ತಪ್ಪಿದ ಟ್ರಾಮ್, ಒಂದು ಹಳಿಯಲ್ಲಿ ಐದು ಜನ, ಇನ್ನೊಂದರಲ್ಲಿ ಒಬ್ಬ, ಯಾವ ಕಡೆ ತಿರುಗಿಸುವುದು? ಚರ್ಚೆಗೆ ಚಂದ. ಮೈಗೆ ತಾಗುವುದಿಲ್ಲ. ನಾನು ಸಿಕ್ಕಿಹಾಕಿಕೊಂಡದ್ದು ಜರ್ಮನಿಯ ತತ್ವಜ್ಞಾನಿ ಕಾಂಟ್‌ನ ಹತ್ತಿರ.

ಅವನದು 1797ರ ಒಂದು ಸಣ್ಣ ಲೇಖನ. ಕೊಲೆಗಾರ ಬಾಗಿಲಿಗೆ ಬಂದು ನಿನ್ನ ಸ್ನೇಹಿತ ಒಳಗಿದ್ದಾನಾ ಅಂತ ಕೇಳುತ್ತಾನೆ. ಆಗಲೂ ಸುಳ್ಳು ಹೇಳಬಾರದು ಅನ್ನುತ್ತಾನೆ ಕಾಂಟ್. ಮಹಾಭಾರತದ ಕರ್ಣಪರ್ವದಲ್ಲಿ ಕೃಷ್ಣ ಅರ್ಜುನನಿಗೆ ಹೇಳುವ ಕೌಶಿಕನ ಕಥೆ ಇದಕ್ಕೆ ನೇರ ಉಲ್ಟಾ. ಕೌಶಿಕ ಸತ್ಯವಂತ. ದರೋಡೆಕೋರರು ಕೇಳಿದರು ಅಂತ ಜನ ಅಡಗಿದ್ದ ಜಾಗ ಹೇಳಿಬಿಟ್ಟ. ಅವರು ಸತ್ತರು, ಇವನು ನರಕಕ್ಕೆ ಹೋದ. ನಾನು ಕೃಷ್ಣನ ಪಕ್ಷ ಅಂತ ಧೈರ್ಯವಾಗಿ ಬರೆದೆ. ಪ್ರಶ್ನೆಯ ಕೊನೆಗೆ 'ನಿಮ್ಮ ಅನುಭವದ ಒಂದು ಉದಾಹರಣೆ ಕೊಡಿ' ಅಂತ ಇತ್ತು. ಅಲ್ಲಿ ಪೆನ್ನು ನಿಂತಿತು.

2020ರ ಮಾರ್ಚ್, ಲಾಕ್‌ಡೌನ್. ಕೇರಳದ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಕೊರೊನಾ ಜಾಸ್ತಿ ಅಂತ ಕರ್ನಾಟಕ ತಲಪಾಡಿ ಗಡಿ ಮುಚ್ಚಿತು. ಒಳರಸ್ತೆಗಳಿಗೆ ಮಣ್ಣು ಸುರಿದರು. ನಮಗೆ ದೊಡ್ಡ ಆಸ್ಪತ್ರೆ ಅಂದರೆ ಮೊದಲಿನಿಂದಲೂ ಮಂಗಳೂರು. ಆಂಬುಲೆನ್ಸುಗಳೂ ತಿರುಗಿ ಬಂದವು, ಜನ ಸತ್ತರು. ದಾರಿ ಬಿಡಿಸಿ ಅಂತ ಕೇರಳ ಹೈಕೋರ್ಟ್ ಕೇಂದ್ರಕ್ಕೆ ಹೇಳಿದ್ದು ಏಪ್ರಿಲ್ 1ಕ್ಕೆ. ತುರ್ತು ರೋಗಿಗಳನ್ನು ಬಿಡಲು ಒಪ್ಪಂದ ಆಗಿದೆ ಅಂತ ಸುಪ್ರೀಂ ಕೋರ್ಟಿನಲ್ಲಿ ಮುಗಿದದ್ದು 7ಕ್ಕೆ. ಕೋರ್ಟಿನ ಲೆಕ್ಕದಲ್ಲಿ ಅದು ಬಹಳ ಬೇಗ. ಡಯಾಲಿಸಿಸ್‌ನವರಿಗೆ ಒಂದು ವಾರ ಅಂದರೆ ಎರಡು ಮೂರು ಸರದಿ.

ದೊಡ್ಡಮ್ಮನಿಗೆ ವಾರಕ್ಕೆ ಎರಡು. ಒಂದು ತಪ್ಪಿದ್ದಕ್ಕೇ ಕಾಲು ಊದಿತು, ರಾತ್ರಿ ಮಲಗಿದರೆ ಉಸಿರು ಕಟ್ಟುತ್ತಿತ್ತು. ಭಾವನ ಮನೆ ಗಡಿಯ ಆಚೆ. ಬೆಳಕು ಹರಿಯುವ ಮೊದಲೇ ದೊಡ್ಡಮ್ಮನ ಕೈಹಿಡಿದು ತೋಟದ ಸಂಕ, ಅಂದರೆ ಸಣ್ಣ ಕಾಲುಸೇತುವೆ, ದಾಟಿಸಿದೆ. ಆಚೆ ಭಾವನ ಕಾರು, ಕೆಎ 19, ಮಂಗಳೂರಿನ ನಂಬರು. ನಮ್ಮ ಕೆಎಲ್ 14 ಆಗಿದ್ದರೆ ನೋಡಿದ ಕೂಡಲೇ ವಾಪಸ್ ಕಳಿಸುತ್ತಿದ್ದರು. ಪೊಲೀಸರು ನಿಲ್ಲಿಸಿ ಎಲ್ಲಿಯವರು ಅಂತ ಕೇಳಿದರು. ಗಡಿಯಾಚೆಯ ಕೊಣಾಜೆಯ ಹೆಸರು ಹೇಳಿದೆ, ತುಳುವಿನಲ್ಲಿ. ಬಿಟ್ಟರು.

ಆ ಸುಳ್ಳಿಗೆ ಇವತ್ತಿಗೂ ಬೇಸರ ಇಲ್ಲ. ಅದನ್ನೇ ಬರೆದರೆ ಅಸೈನ್‌ಮೆಂಟ್ ಮುಗಿಯುತ್ತದೆ, ಮಾರ್ಕೂ ಬರುತ್ತದೆ.

ಆದರೆ ಬೇಲಿಯ ಆಚೆ ಮಾಷ್, ಅಂದರೆ ಪಕ್ಕದ ಮನೆಯ ಮೇಷ್ಟ್ರು, ಇದ್ದಾರಲ್ಲ. ಪಯ್ಯನ್ನೂರಿನ ಕಡೆಯವರು, ಕೆಲಸಕ್ಕೆ ಬಂದು ಇಲ್ಲೇ ಮನೆ ಮಾಡಿದರು. ಅವರ ಹೆಂಡತಿ ಟೀಚರಿಗೂ ಡಯಾಲಿಸಿಸ್, ಮಂಗಳೂರಿನಲ್ಲೇ. ಇಬ್ಬರಿಗೂ ಮಲಯಾಳ ಬಿಟ್ಟರೆ ಬೇರೆ ಬಾರದು. ಮರುದಿನ ಮಾಷ್ ಬೇಲಿಯ ಹತ್ತಿರ ಬಂದು, ದೊಡ್ಡಮ್ಮನಿಗೆ ಆಯ್ತಂತಲ್ಲ, ಎಲ್ಲಿ ಮಾಡಿಸಿದಿರಿ ಅಂತ ಕೇಳಿದರು. ಸಂಕದ ವಿಷಯ ಬಾಯಿಗೆ ಬಂದದ್ದನ್ನು ನುಂಗಿದೆ. ನಾಲ್ಕು ಜನಕ್ಕೆ ಗೊತ್ತಾದರೆ ಆ ದಾರಿಯೂ ಹೋಗುತ್ತದೆ, ಭಾವನ ಮೇಲೆ ಕೇಸೂ ಆಗಬಹುದು. "ಈಚೆಯೇ ಆಯ್ತು ಮಾಷೇ, ಕಾಸರಗೋಡಿನ ಕಡೆ, ಪರಿಚಯದವರು ಮಾಡಿಸಿಕೊಟ್ಟರು" ಅಂದೆ.

ಅವರ ಮಗ ಒಂದು ಹಗಲು ಪೂರ್ತಿ ಬೈಕಿನಲ್ಲಿ ಆ 'ಈಚೆ'ಯನ್ನು ಹುಡುಕಿದ. ಸಂಜೆ ಬರಿಗೈಯಲ್ಲಿ ಬಂದ. ಮತ್ತೆ ರಾತ್ರಿಯೇ ಟೀಚರನ್ನು ಕಣ್ಣೂರಿನ ಕಡೆಗೆ ಕರೆದುಕೊಂಡು ಹೋದರು. ದೇವರ ದಯೆ, ಏನೂ ಆಗಲಿಲ್ಲ.

ಕಾಂಟ್ ಅದೇ ಲೇಖನದಲ್ಲಿ ಇನ್ನೊಂದು ಮಾತು ಹೇಳುತ್ತಾನೆ. ಸ್ನೇಹಿತ ಮನೆಯಲ್ಲಿಲ್ಲ ಅಂತ ನೀನು ಸುಳ್ಳು ಹೇಳಿದೆ. ನಿನಗೆ ಗೊತ್ತಿಲ್ಲದೆ ಅವನು ನಿಜಕ್ಕೂ ಹೊರಗೆ ಹೋಗಿದ್ದ. ಕೊಲೆಗಾರ ದಾರಿಯಲ್ಲಿ ಅವನನ್ನು ಹಿಡಿದ. ಆಗ ಆ ಸಾವಿನ ಹೊಣೆ ನಿನ್ನ ಮೇಲೂ ಬರುತ್ತದೆ. ಮೊದಲ ಸಲ ಓದಿದಾಗ ವಕೀಲರ ವಾದ ಅನಿಸಿತ್ತು. ಇವತ್ತು ಓದುವಾಗ ಆ ಹುಡುಗನ ಬೈಕಿನ ಶಬ್ದ ಕೇಳಿಸಿತು.

ಎಲ್ಲರೂ ಹೀಗೇ ಮಾಡಿದರೆ ಏನಾಗುತ್ತದೆ ಅಂತ ಕೇಳಿಕೋ ಅನ್ನುವುದೂ ಕಾಂಟ್‌ನದೇ. ನನ್ನ ಚೆಕ್‌ಪೋಸ್ಟಿನ ಸುಳ್ಳು ಎಲ್ಲರೂ ಹೇಳುವಂಥದ್ದಲ್ಲವಲ್ಲ. ತುಳು ಬೇಕು, ಕೆಎ 19 ಬೇಕು, ಆಚೆ ಒಬ್ಬ ಭಾವ ಬೇಕು. ಅದಿರಲಿ. ಕಾರಿನ ಹಿಂದಿನ ಸೀಟಿನಲ್ಲಿ ದೊಡ್ಡಮ್ಮನ ಪಕ್ಕ ಇನ್ನೊಬ್ಬರಿಗೆ ಜಾಗ ಇತ್ತು. ಮುಂದಿನ ಸರದಿಗೂ ಇತ್ತು. ಟೀಚರ್ ಸುಮ್ನೆ ಕೂತಿದ್ದರೆ ಸಾಕಿತ್ತು, ಮಾತಾಡಲು ನಾನಿದ್ದೆ.

ದೊಡ್ಡಮ್ಮ ಹೋಗಿ ಎರಡು ವರ್ಷ ಆಯಿತು. ಟೀಚರ್ ಈಗಲೂ ವಾರಕ್ಕೆ ಎರಡು ಸಲ ಮಂಗಳೂರಿಗೆ ಹೋಗಿಬರುತ್ತಾರೆ. ಸಂಜೆ ಮಾಷ್ ಬೇಲಿಯಿಂದಲೇ ಕರೆದು, ಬೆಳಗ್ಗಿನಿಂದ ಎಂತ ಬರೆಯುತ್ತಿದ್ದೀರಿ ಅಂತ ಕೇಳಿದರು. ಶಾಲೆಯದ್ದು ಏನೋ ಲೆಕ್ಕ ಅಂದೆ.

ಇದನ್ನು ಇಲ್ಲಿ ಹಾಕುತ್ತಿದ್ದೇನೆ. ಮಾಷಿಗೆ ಕನ್ನಡ ಓದಲು ಬರುವುದಿಲ್ಲ.