ಟೊಮೆಟೊ ಬಣ್ಣ ಟೊಮೆಟೊ ಮಂಡಿಗೇ ಒಪ್ಪಲಿಲ್ಲ

ಕೋಲಾರದ ಎಪಿಎಂಸಿಯಲ್ಲಿ ನಮ್ಮ ಚಿಕ್ಕಪ್ಪನದು ಟೊಮೆಟೊ ಮಂಡಿ. ಅಲ್ಲಿ ರೈತರಿಗೆ ಬಿಲ್ ಬರೆಯಲು ಒಂದು ಸಣ್ಣ ಪ್ರೋಗ್ರಾಂ ಮಾಡಿಕೊಟ್ಟಿದ್ದೇನೆ. ಪೈಥಾನ್ ಭಾಷೆ, ಅದರಲ್ಲಿ ಕಿಟಕಿ (ವಿಂಡೋ) ಮಾಡಿಕೊಡುವ ಟಿಕಿಂಟರ್, ಅಷ್ಟೇ. ರೈತರ ಹೆಸರು, ಎಷ್ಟು ಬಾಕ್ಸ್, ಹರಾಜಿನ ದರ, ಒಟ್ಟು ಮೊತ್ತ. ಲೆಕ್ಕದ ಭಾಗ ಬೇಗ ಮುಗಿಯಿತು. ಸಮಯ ತಿಂದಿದ್ದು ವಿಜೆಟ್‌ಗಳ, ಅಂದರೆ ಕಿಟಕಿಯೊಳಗಿನ ಖಾನೆ, ಬಟನ್‌ಗಳಂಥವುಗಳ, ಆಪ್ಷನ್‌ಗಳು: ಅಗಲ, ಬಣ್ಣ ಇತ್ಯಾದಿ. ಆಪ್ಷನ್‌ಗಳ ಹೆಸರು ಯಾರಿಗಾದರೂ ಗೊತ್ತಾಗುತ್ತದೆ. ಅದಕ್ಕೆ ಯಾವ ವ್ಯಾಲ್ಯೂ ಕೊಡಬೇಕು ಅನ್ನುವುದು ಮಾತ್ರ ಆ ಕಿಟಕಿಯ ಮುಂದೆ ಯಾರು ಕೂರುತ್ತಾರೆ ಅನ್ನುವುದರ ಮೇಲೆ ನಿಂತಿದೆ.

ಮೊದಲು ‘ವಿಡ್ತ್’, ಅಂದರೆ ಅಗಲ. ಲೇಬಲ್‌ಗೆ (ಬರೀ ಬರಹ ತೋರಿಸುವ ವಿಜೆಟ್) ವಿಡ್ತ್ 12 ಅಂತ ಕೊಟ್ಟರೆ ಅದು 12 ಪಿಕ್ಸೆಲ್ ಅಲ್ಲ, 12 ಅಕ್ಷರ. ಅದೂ ಆ ಫಾಂಟ್‌ನ ಸೊನ್ನೆ ಎಷ್ಟು ಅಗಲವೋ ಆ ಅಳತೆಯಲ್ಲಿ. ಅದೇ ಲೇಬಲ್‌ನಲ್ಲಿ ಅಕ್ಷರದ ಬದಲು ಚಿತ್ರ ಇಟ್ಟರೆ 12 ಅಂದರೆ 12 ಪಿಕ್ಸೆಲ್! ಕನ್ನಡದ ‘ಮ’, ‘ಯ’ ಎಲ್ಲ ಸೊನ್ನೆಗಿಂತ ಅಗಲ, ಹಾಗಾಗಿ ಅಕ್ಷರ ಎಣಿಸಿ ಅಗಲ ಕೊಟ್ಟರೆ ಪದ ಪೂರ್ತಿ ಕಾಣದೆ ಕತ್ತರಿಸಿ ಹೋಗುತ್ತದೆ. ಕನ್ನಡ ಲೇಬಲ್‌ಗೆ ಅಗಲವನ್ನೇ ಕೊಡದೆ ಬಿಡುವುದು ವಾಸಿ. ತನಗೆ ಬೇಕಾದಷ್ಟು ಜಾಗ ತಾನೇ ತೆಗೆದುಕೊಳ್ಳುತ್ತದೆ. ಫಾಂಟ್ ಸೈಜಿನಲ್ಲೂ ಹೀಗೊಂದು ಸೂಕ್ಷ್ಮ ಇದೆ: 14 ಅಂದರೆ ಪಾಯಿಂಟ್ (ಅಚ್ಚಿನ ಅಳತೆ), ಮೈನಸ್ 14 ಅಂದರೆ ಪಿಕ್ಸೆಲ್.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಆಪ್ಷನ್ ‘ಸ್ಟೇಟ್’. ಒಟ್ಟು ಮೊತ್ತದ ಎಂಟ್ರಿಗೆ (ಟೈಪ್ ಮಾಡುವ ಖಾನೆ) ಯಾರೂ ಕೈಹಾಕಬಾರದು, ಅದು ತಾನೇ ಲೆಕ್ಕ ಹಾಕಿ ಬರಬೇಕು. ಎಲ್ಲರೂ ಸಾಮಾನ್ಯವಾಗಿ ‘ಡಿಸೇಬಲ್ಡ್’ ಅಂತ ಕೊಟ್ಟುಬಿಡುತ್ತಾರೆ. ಆಗ ಅಂಕಿ ಬೂದು ಬಣ್ಣಕ್ಕೆ ತಿರುಗುತ್ತದೆ. ಮಂಡಿಯಲ್ಲಿ ಲೆಕ್ಕ ಬರೆಯುವ ರೈಟರ್‌ಗೆ ಅರವತ್ತು ದಾಟಿದೆ. ಬೆಳಗಿನ ಗಲಾಟೆಯಲ್ಲಿ ಹಳೇ ಮಾನಿಟರ್ ಮೇಲೆ ಅವರು ಆ ಬೂದು ಅಂಕಿ ಹೇಗೆ ಓದಬೇಕು? ಅದರ ಬದಲು ‘ರೀಡ್‌ಓನ್ಲಿ’ ಕೊಟ್ಟರೆ ಅಕ್ಷರ ಕಪ್ಪಾಗಿಯೇ ಇರುತ್ತದೆ, ಬೇಕಾದರೆ ಆಯ್ದು ಕಾಪಿ ಮಾಡಬಹುದು, ತಿದ್ದಲು ಮಾತ್ರ ಆಗುವುದಿಲ್ಲ. ಹಿನ್ನೆಲೆ ಬೆಳ್ಳಗಿರಲಿ ಅಂತ ‘ರೀಡ್‌ಓನ್ಲಿಬ್ಯಾಕ್‌ಗ್ರೌಂಡ್’ಗೆ ವೈಟ್ ಕೊಟ್ಟೆ. ಒಂದು ವಿಷಯ ನೆನಪಿರಲಿ. ಈ ಎರಡು ಸ್ಟೇಟ್‌ನಲ್ಲೂ ಅಕ್ಷರ ತುಂಬಲು ಕೋಡ್‌ನಿಂದ ‘ಇನ್ಸರ್ಟ್’ ಕರೆದರೆ ಏನೂ ಆಗುವುದಿಲ್ಲ, ಎರರ್ ಕೂಡ ಬರುವುದಿಲ್ಲ. ಸುಮ್ನೆ ಇರುತ್ತದೆ. ಎಂಟ್ರಿಗೆ ಒಂದು ‘ಸ್ಟ್ರಿಂಗ್‌ವಾರ್’ (ಬರಹ ಹಿಡಿದಿಡುವ ಟಿಕಿಂಟರ್ ವೇರಿಯಬಲ್) ಕಟ್ಟಿ, ಅದರ ವ್ಯಾಲ್ಯೂ ಬದಲಿಸಿದರೆ ಸರಿಯಾಗಿ ಕಾಣಿಸುತ್ತದೆ.

ಮೊತ್ತ ಬಲಕ್ಕೆ ಸರಿಯಬೇಕಲ್ವಾ? ಲೇಬಲ್‌ಗಾದರೆ ‘ಆಂಕರ್’, ವ್ಯಾಲ್ಯೂ ‘ಇ’, ಅಂದರೆ ಪೂರ್ವ ದಿಕ್ಕು. ಎಂಟ್ರಿಗೆ ಆಂಕರ್ ಇಲ್ಲವೇ ಇಲ್ಲ, ಅಲ್ಲಿ ‘ಜಸ್ಟಿಫೈ’ ರೈಟ್.

ಇನ್ನು ಬಣ್ಣ. ಟಿಕೆಗೆ (ಟಿಕಿಂಟರ್ ಹಿಂದೆ ಕೆಲಸ ಮಾಡುವ ಟೂಲ್‌ಕಿಟ್) ಗೊತ್ತಿರುವ ಬಣ್ಣಗಳಲ್ಲಿ ‘ಟೊಮೆಟೊ’ ಅಂತಲೇ ಒಂದಿದೆ. ಕೆಂಪು 255, ಹಸಿರು 99, ನೀಲಿ 71. ಕೋಲಾರದವಳಾಗಿ ಇದನ್ನು ಬಿಡಲಾದೀತೇ? ಮೇಲಿನ ಪಟ್ಟಿಗೆ ಅದನ್ನೇ ಹಾಕಿ ತೋರಿಸಿದೆ. ಚಿಕ್ಕಪ್ಪ ನೋಡಿದ್ದೇ, ‘ಇದೇನಮ್ಮಾ, ಇನ್ನೂ ದೋರೆಗಾಯಿ! ಹಣ್ಣಿನ ಬಣ್ಣ ಹಾಕು’ ಅಂದರು. ‘ಟೊಮೆಟೊ3’ ಅಂತ ಇನ್ನೊಂದಿದೆ, ಸ್ವಲ್ಪ ಗಾಢ. ಅದನ್ನು ನೋಡಿ, ‘ಇದು ಲಾರಿಯಲ್ಲಿ ಬಾಡಿದ್ದು’ ಅಂದರು. ಕೊನೆಗೆ ‘ರೆಡ್3’ ಪಾಸಾಯಿತು. ದಿನಾ ಹಣ್ಣು ನೋಡಿ ದರ ಕಟ್ಟುವವರ ಕಣ್ಣಿಗೆ ಹೆಸರು ತೋರಿಸಿ ಒಪ್ಪಿಸಲು ಆಗುವುದಿಲ್ಲ ಬಿಡಿ.

ಇಷ್ಟೆಲ್ಲ ಬಾಯಿಪಾಠ ಮಾಡಬೇಕಾಗಿಲ್ಲ. ವಿಜೆಟ್‌ನ ‘ಕಾನ್ಫಿಗರ್’ ಅನ್ನು ಖಾಲಿ ಕರೆದರೆ ಅದರ ಎಲ್ಲ ಆಪ್ಷನ್‌ಗಳೂ, ಡಿಫಾಲ್ಟ್ ಮತ್ತು ಈಗಿನ ವ್ಯಾಲ್ಯೂ ಸಮೇತ ಬರುತ್ತವೆ. ಇನ್ನೂ ಸುಲಭದ್ದು ಬೇಕೇ? ಬೇಕಂತಲೇ ತಪ್ಪು ಕೊಡಿ. ಅಂಚು ಉಬ್ಬಿದಂತೆ, ತಗ್ಗಿದಂತೆ ಕಾಣಿಸುವ ‘ರಿಲೀಫ್’ಗೆ ‘ಬದನೆಕಾಯಿ’ ಅಂತ ಬರೆದರೆ, ಫ್ಲಾಟ್, ಗ್ರೂವ್, ರೈಸ್ಡ್, ರಿಡ್ಜ್, ಸಾಲಿಡ್, ಸಂಕನ್ ಇವುಗಳಲ್ಲಿ ಒಂದು ಕೊಡು ಅಂತ ಎರರ್‌ನಲ್ಲೇ ಬರುತ್ತದೆ. ಇದಕ್ಕಿಂತ ಒಳ್ಳೆ ಗೈಡ್ ನಾನು ಕಂಡಿಲ್ಲ.

ಈಗ ಚಿಕ್ಕಪ್ಪ ತಳಿಯ ಹೆಸರಿಗೂ ಒಂದು ಖಾನೆ ಕೇಳಿದ್ದಾರೆ. ಅದಕ್ಕೆ ಟಿಟಿಕೆಯ (ಟಿಕೆಯದೇ ಹೊಸ ಥೀಮ್ ವಿಜೆಟ್‌ಗಳ ಗುಂಪು) ಕಾಂಬೊಬಾಕ್ಸ್, ಅಂದರೆ ಒತ್ತಿದರೆ ಪಟ್ಟಿ ಇಳಿಯುವ ಖಾನೆ, ಹಾಕುತ್ತೇನೆ, ಸ್ಟೇಟ್ ಮತ್ತೆ ರೀಡ್‌ಓನ್ಲಿ. ಇಲ್ಲಿ ಅದರ ಕೆಲಸವೇ ಬೇರೆ: ಪಟ್ಟಿಯಿಂದ ಆರಿಸಬಹುದು, ಟೈಪ್ ಮಾಡುವಂತಿಲ್ಲ. ಇಲ್ಲದಿದ್ದರೆ ‘ನಾಟಿ’, ‘ನಾಟೀ’, ‘ನಾಟಿ.’ ಅಂತ ತಿಂಗಳ ಕೊನೆಗೆ ಮೂರು ತಳಿ ಹುಟ್ಟಿಕೊಂಡಿರುತ್ತವೆ. ಬಣ್ಣ ಕೇಳಿದರೆ ಮಾತ್ರ ಕಷ್ಟ. ಟಿಟಿಕೆ ವಿಜೆಟ್‌ಗಳಿಗೆ ಹಿನ್ನೆಲೆ ಬಣ್ಣದ ‘ಬಿಜಿ’ ಕೊಟ್ಟರೆ ಅವು ಅಂಥ ಆಪ್ಷನ್ನೇ ಇಲ್ಲ ಅನ್ನುತ್ತವೆ, ಎಲ್ಲಾ ‘ಸ್ಟೈಲ್’ ಅನ್ನುವ ಬೇರೆ ವ್ಯವಸ್ಥೆಯ ಮೂಲಕವೇ ಹೋಗಬೇಕು.